ಗಂಜಿ, ಮಗ್ಗ, ಅಕ್ಷರ: ಕಡುಬಡವರ ಮಕ್ಕಳೂ ಮಿಶನ್ ಶಾಲೆಗಳೂ

1856ರ ಜೂನ್ ತಿಂಗಳಲ್ಲಿ ಧಾರವಾಡದ, ಅಸ್ಪೃಶ್ಯರೆನಿಸಿದ ಮಹಾರ್ ಜಾತಿಯ ಹುಡುಗನೊಬ್ಬ ತನ್ನನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದ. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಒಬ್ಬ ಹುಡುಗನನ್ನು ಒಳಗೆ ಕೂಡಿಸಿದರೆ ಉಳಿದ ಮಕ್ಕಳೆಲ್ಲ ಶಾಲೆ ಬಿಡುತ್ತಾರೆ, ಆಮೇಲೆ ಶಾಲೆಯಿದ್ದೂ ಉಪಯೋಗವಿಲ್ಲ ಎಂಬ ಅರ್ಥದ ಉತ್ತರ ಬಂತು. ವಿಷಯ ಕಲ್ಕತ್ತೆಗೆ ಮುಟ್ಟಿದಾಗ, ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಬಾಗಿಲು ಮುಚ್ಚುತ್ತಿರಲಿಲ್ಲ ಎಂದು 1857ರಲ್ಲಿ ಭಾರತ ಸರ್ಕಾರ ಬರೆಯಿತು. ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು ಎಂದು 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರೂ ಹೇಳಿದರು. ಕಾಗದದ ಮೇಲೆ ಹುಡುಗ ಗೆದ್ದ. ಆದರೆ 1882ರ ಹಂಟರ್ ಶಿಕ್ಷಣ ಆಯೋಗ ಅದೇ ತತ್ವವನ್ನು ಮತ್ತೊಮ್ಮೆ ಎತ್ತಿ ಹೇಳಬೇಕಾಯಿತು, ಜೊತೆಗೆ ಕೆಳಜಾತಿಯ ಮಕ್ಕಳಿಗೆ ಬೇರೆಯೇ ಶಾಲೆ ತೆರೆಯಬಹುದೆಂದೂ ಸೂಚಿಸಬೇಕಾಯಿತು. ಕಾಲು ಶತಮಾನ ಕಳೆದರೂ ಬೆಂಚಿನ ಮೇಲಿನ ಸ್ಥಿತಿ ಎಷ್ಟು ಬದಲಾಗಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ಅಂಥ ಮಕ್ಕಳು ಆ ಕಾಲದಲ್ಲಿ ಎಲ್ಲಿ ಓದಿದರು ಎಂಬುದು ಈ ಉಪನ್ಯಾಸದ ವಸ್ತು. ಓದಿದವರು ಬಹಳ ಕಡಿಮೆ. ಆ ಕೆಲವರಲ್ಲಿ ದೊಡ್ಡ ಪಾಲು ಮಿಶನ್ನಿನ ಬೋರ್ಡಿಂಗುಗಳಲ್ಲಿ, ಅನಾಥಾಲಯಗಳಲ್ಲಿ, ಚರ್ಚಿನ ಪಕ್ಕದ ಒಂದು ಕೋಣೆಯ ಶಾಲೆಗಳಲ್ಲಿ ಅಕ್ಷರ ಕಂಡವರು.

ಕನ್ನಡಿಗರಿಗೆ ಮಿಶನರಿಗಳು ಪರಕೀಯರಲ್ಲ. 1843ರ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಮುಗಿಸಿದ ಫರ್ಡಿನೆಂಡ್ ಕಿಟ್ಟೆಲ್, ಬಳ್ಳಾರಿಯಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಇವರನ್ನೆಲ್ಲ ಸಾಹಿತ್ಯ ಚರಿತ್ರೆ ಗೌರವದಿಂದಲೇ ನೆನೆಯುತ್ತದೆ. ನೆನೆಯಬೇಕಾದ್ದೇ. ಆದರೆ ಆ ಚರಿತ್ರೆ ಮುದ್ರಣಾಲಯದ ಬಾಗಿಲಲ್ಲಿ ನಿಂತುಬಿಡುತ್ತದೆ. ಅದೇ ಆವರಣದ ಹಿಂಬದಿಯಲ್ಲಿ, ಬಾವಿಕಟ್ಟೆಯ ಆಚೆ, ಚಾಪೆಯ ಮೇಲೆ ಮಲಗಿ ಬೆಳಗಿನ ಗಂಜಿಗೆ ಸಾಲು ನಿಲ್ಲುತ್ತಿದ್ದ ಮಕ್ಕಳವರೆಗೆ ಅದು ಹೋಗುವುದಿಲ್ಲ.

ಮಿಶನ್ ಶಾಲೆ ಎಂದರೆ ಒಂದೇ ಬಗೆಯದಲ್ಲ. ಪೇಟೆಯ ಇಂಗ್ಲಿಷ್ ಶಾಲೆಗಳು ಒಂದು ಬಗೆ. ಮಂಗಳೂರಿನ ಬಾಸೆಲ್ ಮಿಶನ್ ಹೈಸ್ಕೂಲು, ಬಳ್ಳಾರಿಯ ವಾರ್ಡ್ಲಾ ಶಾಲೆ, ಮುಂದೆ ಕುವೆಂಪು ಓದಿದ ಮೈಸೂರಿನ ವೆಸ್ಲಿಯನ್ ಮಿಶನ್ ಹೈಸ್ಕೂಲು ಈ ಸಾಲಿನವು. ಇಲ್ಲಿಗೆ ಬರುತ್ತಿದ್ದವರು ಬಹುಮಟ್ಟಿಗೆ ಮೇಲುಜಾತಿಯ, ಸರ್ಕಾರಿ ನೌಕರಿಯ ಕನಸಿದ್ದ ಮನೆಗಳ ಹುಡುಗರು. ಪಾದ್ರಿಗಳು ಇವರ ಮೂಲಕ ಊರಿನ ಮೇಲುವರ್ಗವನ್ನು ತಲುಪುವ ಆಸೆ ಇಟ್ಟುಕೊಂಡಿದ್ದರು. 1844ರಲ್ಲಿ ಮೋಗ್ಲಿಂಗರ ಶಿಷ್ಯ, ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಹೊತ್ತಿಕೊಂಡಂತಾಯಿತು. ಇನ್ನೊಂದು ಬಗೆ, ಊಟ, ವಸತಿ, ಬಟ್ಟೆ ಎಲ್ಲವನ್ನೂ ಮಿಶನ್ನೇ ಕೊಟ್ಟು ಸಾಕುತ್ತಿದ್ದ ಬಡಮಕ್ಕಳ ಶಾಲೆ. ಹೆಸರಾಂತ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮೊದಲನೆಯದಕ್ಕೆ ಇದೆ. ಎರಡನೆಯದರ ಮಕ್ಕಳು ನೇಕಾರರಾದರು, ಹೊಲಿಗೆಯವರಾದರು, ದಾದಿಯರಾದರು, ಹಳ್ಳಿಯ ಮೇಷ್ಟರಾದರು. ಶಾಲೆಯ ಹೊಸ್ತಿಲನ್ನೇ ತುಳಿಯದ ಮನೆತನಗಳಿಂದ ಬಂದ ಮಕ್ಕಳು ಒಂದೇ ತಲೆಮಾರಿನಲ್ಲಿ ಇಷ್ಟು ದೂರ ಬಂದದ್ದು ಹೆಚ್ಚಿನ ಸಾಧನೆ ಎಂದೇ ಈ ಉಪನ್ಯಾಸ ಎಣಿಸುತ್ತದೆ.

ಈ ಎರಡನೆಯ ಬಗೆಯ ಶಾಲೆಯ ಬೇರು ಕರಾವಳಿಯಲ್ಲಿಲ್ಲ, ರೈನ್ ನದಿಯ ದಡದಲ್ಲಿದೆ. ನೆಪೋಲಿಯನ್ ಯುದ್ಧಗಳು ಮುಗಿಯುವ ಹೊತ್ತಿಗೆ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿ ಸೋತು ಸುಣ್ಣವಾಗಿದ್ದವು. 1815ರಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು. 1816–17ರ ಹಸಿವಿನಲ್ಲಿ ಮಕ್ಕಳು ಬೀದಿಪಾಲಾದರು. ಬಾಸೆಲ್ ಮಿಶನ್ ಹುಟ್ಟಿದ್ದು ಅದೇ 1815ರಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ಟಿಯನ್ ಫ್ರೀಡ್ರಿಕ್ ಸ್ಪಿಟ್ಲರ್ 1820ರಲ್ಲಿ ಬಾಸೆಲ್ ಸಮೀಪದ ಬೊಯ್ಗನ್ ಎಂಬಲ್ಲಿನ ಹಳೆಯ ಕೋಟೆಮನೆಯಲ್ಲಿ ಬಡಮಕ್ಕಳ ಆಶ್ರಯ ಶಾಲೆಯೊಂದು ನಿಲ್ಲುವಂತೆ ಮಾಡಿದರು. ಅನಾಥ ಮಕ್ಕಳೂ, ಬಡವರ ಶಾಲೆಗೆಂದೇ ತರಬೇತಾಗುವ ಉಪಾಧ್ಯಾಯರೂ ಅಲ್ಲಿ ಒಂದೇ ಸೂರಿನಡಿ ಇದ್ದರು. ಕ್ರಿಸ್ಟಿಯನ್ ಹೈನ್ರಿಕ್ ತ್ಸೆಲರ್ ಅದನ್ನು ನಡೆಸಿದರು. 1826ರಲ್ಲಿ ಮುದುಕರಾಗಿದ್ದ ಸ್ವಿಸ್ ಶಿಕ್ಷಣತಜ್ಞ ಪೆಸ್ಟಲೋಜಿ ಅಲ್ಲಿಗೆ ಬಂದು ಹೋದರು. ನೊಯ್‌ಹೋಫ್‌ನಲ್ಲಿ ಬಡಮಕ್ಕಳಿಗೆ ನೂಲುವುದನ್ನೂ ಓದುವುದನ್ನೂ ಒಟ್ಟಿಗೆ ಕಲಿಸಹೋಗಿ, ದುಡ್ಡಿಲ್ಲದೆ ಕೈಚೆಲ್ಲಬೇಕಾಗಿ ಬಂದಿದ್ದವರು ಅವರು. ತಮ್ಮ ಆಸೆ ಇನ್ನೊಬ್ಬರ ಕೈಯಲ್ಲಿ ನಿಂತದ್ದನ್ನು ಕಣ್ಣಾರೆ ಕಂಡರು.

ಹೀಗಾಗಿ 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನ ದಡ ಹತ್ತಿದಾಗ ಅವರ ಹಿಂದೆ ಬೈಬಲ್ಲಿನಷ್ಟೇ ಬಲವಾಗಿ ಇನ್ನೊಂದು ನಂಬಿಕೆ ಇತ್ತು. ಬಡವನ ಮಗುವಿಗೆ ತಲೆ, ಕೈ ಎರಡಕ್ಕೂ ಕೆಲಸ ಕೊಡಬೇಕು ಎಂಬುದು ಅದು. ಆ ಮಿಶನ್ನಿನ ಅನೇಕರು ಹಳ್ಳಿಯ ಕಸುಬುದಾರ ಮನೆಗಳಿಂದ ಬಂದವರು, ಬಡತನವನ್ನು ಮನೆಯಲ್ಲೇ ಉಂಡವರು. ಹಣ ಕೊಡುತ್ತಿದ್ದವರೂ ಎಲ್ಲರೂ ಸಾಹುಕಾರರಲ್ಲ. 1855ರಲ್ಲಿ ಬಾಸೆಲ್‌ನಲ್ಲಿ ಆರಂಭವಾದ ‘ಅರ್ಧ ಬಾಟ್ಸೆನ್ ವಂತಿಗೆ’ಯ ಕ್ರಮದಲ್ಲಿ ಒಬ್ಬೊಬ್ಬರೂ ವಾರಕ್ಕೊಂದು ಚಿಲ್ಲರೆ ಕಾಸು ಹಾಕಬೇಕು, ಅಷ್ಟೇ. ಮನೆಗೆಲಸದ ಹೆಣ್ಣು, ಕಾರ್ಖಾನೆಯ ಆಳು ಹಾಕಿದ ಕಾಸು ಕಡಲು ದಾಟಿ ಬರುತ್ತಿತ್ತು.

ಕರಾವಳಿಯಲ್ಲಿ ಅವರಿಗೆ ಎದುರಾದ ಬಡತನಕ್ಕೆ ಜಾತಿಯ ಬೇಲಿ ಇತ್ತು. ಕ್ರೈಸ್ತನಾದವನಿಗೆ ಒಕ್ಕಲು ತಪ್ಪುತ್ತಿತ್ತು, ಕುಟುಂಬ ದೂರವಾಗುತ್ತಿತ್ತು. ಶೇಂದಿ ಇಳಿಸುವ ಬಿಲ್ಲವನಾದರೆ ಆ ಕಸುಬು ಬಿಡು ಎಂದು ಮಿಶನ್ನೇ ಹೇಳುತ್ತಿತ್ತು. ಬಿಟ್ಟ ಮೇಲೆ ಉಣ್ಣುವುದೇನು? ಮಂಗಳೂರಿನ ನೇಯ್ಗೆ ಕಾರ್ಖಾನೆಯೂ, 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಈ ಪ್ರಶ್ನೆಗೆ ಉತ್ತರವಾಗಿ ಬೆಳೆದವು. ಬೋರ್ಡಿಂಗಿನಲ್ಲಿ ಬೆಳೆದ ಹುಡುಗ ನೇರವಾಗಿ ಮಗ್ಗಕ್ಕೋ ಅಚ್ಚುಕೂಟಕ್ಕೋ ಹೋಗುತ್ತಿದ್ದ. ಗಂಡುಮಕ್ಕಳಿಗೆ ಉಡುಪಿಯಲ್ಲಿ, ಹೆಣ್ಣುಮಕ್ಕಳಿಗೆ ಮೂಲ್ಕಿಯಲ್ಲಿ ಮಿಶನ್ನಿನ ಆಶ್ರಯಶಾಲೆಗಳು ನಿಂತವು. ಕೊಡಗಿನಲ್ಲಿ ಮೋಗ್ಲಿಂಗ್ ಕಟ್ಟಿದ ಆನಂದಪುರ ಹೊಲೆಯ ಕುಟುಂಬಗಳಿಗೆಂದೇ ಹುಟ್ಟಿದ ಊರು, ಮುಂದೆ ಕೌಂಡಿನ್ಯರೂ ಅಲ್ಲಿ ದುಡಿದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಸಾರಸ್ವತ ಯುವಕನೊಬ್ಬ ಕೊನೆಗೆ ಹೊಲೆಯರ ಊರಿನಲ್ಲಿ ನೆಲೆನಿಂತ ಎಂಬ ಸಂಗತಿ ಆ ಕಾಲದ ಕರ್ನಾಟಕದಲ್ಲಿ ಸಣ್ಣದಲ್ಲ.

ಬಡಮಕ್ಕಳ ಶಾಲೆಗಳ ನಿಜವಾದ ಪರೀಕ್ಷೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ.

1876ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕಣ್ಣು ತೆರೆಯಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಸುಮಾರು ಎಂಟೂಮುಕ್ಕಾಲು ಲಕ್ಷ ಜನ ಲೆಕ್ಕದಿಂದಲೇ ಇಲ್ಲವಾಗಿದ್ದರು. ಬರದ ಏಟು ಎಲ್ಲರಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ಭೂಮಿ ಇದ್ದವನು ಒತ್ತೆಯಿಟ್ಟಾದರೂ ಕೆಲವು ತಿಂಗಳು ತಳ್ಳುತ್ತಾನೆ. ಕೂಲಿಯವನಿಗೆ ಹೊಲದ ಕೆಲಸ ನಿಂತ ದಿನವೇ ಊಟ ನಿಲ್ಲುತ್ತದೆ. ನೇಕಾರನದು ಎರಡು ಏಟು, ಧಾನ್ಯದ ಬೆಲೆ ಏರುತ್ತದೆ, ಬಟ್ಟೆ ಕೊಳ್ಳುವವರು ಇಲ್ಲವಾಗುತ್ತಾರೆ. ಬಾಸೆಲ್ ಮಿಶನ್ನಿನ ಠಾಣೆಗಳಿದ್ದ ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರುಗಳು. ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತಾದರೂ, 1877ರಲ್ಲಿ ಭಾರತ ಸರ್ಕಾರದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ದುಡಿಯುವವನ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದರು. ಅದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳವಾಡಿದರು. ಮಣ್ಣು ಹೊತ್ತು ಒಂದು ಪೌಂಡು ಧಾನ್ಯದಲ್ಲಿ ಬದುಕಬೇಕಾದ ತಾಯಿತಂದೆಯರು ಮಕ್ಕಳಿಗಿಂತ ಮೊದಲೇ ಹೋದರು, ಇಲ್ಲವೇ ಮಕ್ಕಳನ್ನು ದಾರಿಯಲ್ಲಿ ಬಿಟ್ಟು ಹೋದರು.

ಅಂಥ ಮಕ್ಕಳನ್ನು ಎತ್ತಿಕೊಂಡವರು ಯಾರು? ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ. ಯಾವ ದೊಡ್ಡ ಸಂಘದ ಬೆಂಬಲವನ್ನೂ ನೆಚ್ಚದೆ ಅವರು ಬರದ ಅನಾಥರಿಗೆ ಆಶ್ರಯ ತೆರೆದರು. 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟ್ ಮಿಶನ್ನಿಗೆ ಒಪ್ಪಿಸಿದರು. ಕೋಲಾರದ ಮೆಥಡಿಸ್ಟ್ ಶಾಲೆಗಳ ತಳಪಾಯ ಆ ಅನಾಥಾಲಯವೇ. ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳನ್ನು, ಹಾಸನದಲ್ಲಿ ಹೆಣ್ಣುಮಕ್ಕಳನ್ನು ಇಟ್ಟುಕೊಂಡರು. ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು ಇನ್ನೊಂದು ದಾರಿ ಹಿಡಿದರು. ಸರ್ಕಾರದಿಂದ ಜಮೀನು ಪಡೆದು, ಬರದ ಅನಾಥರನ್ನು ಬೇಸಾಯಕ್ಕೆ ಹಚ್ಚಿ ಊರನ್ನೇ ಕೂರಿಸಿದರು. ನೆಲಮಂಗಲ ಸೀಮೆಯ ಸಿಲುವೆಪುರ, ಕನಕಪುರ ಸೀಮೆಯ ಮರಿಯಾಪುರ ಹಾಗೆ ಎದ್ದವು. ಬೆಂಗಳೂರಿನಿಂದ ಹೆಸರಘಟ್ಟದ ಕಡೆ ಹೋಗುವವರು ಇಂದಿಗೂ ಸಿಲುವೆಪುರವನ್ನು ಹಾದು ಹೋಗುತ್ತಾರೆ. ಅದರ ಹುಟ್ಟಿನಲ್ಲಿ ಬರ ಇದೆ ಎಂಬುದು ಹೆಚ್ಚಿನವರಿಗೆ ತಿಳಿಯದು.

ಬೋರ್ಡಿಂಗಿನ ದಿನಚರಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಪ್ರಾರ್ಥನೆ, ಗಂಜಿಯೋ ಅಂಬಲಿಯೋ, ಅರ್ಧ ದಿನ ಪಾಠ, ಅರ್ಧ ದಿನ ಕೆಲಸ. ಹುಡುಗರಿಗೆ ಮಗ್ಗ, ಮರಗೆಲಸ, ತೋಟ. ಹುಡುಗಿಯರಿಗೆ ಹೊಲಿಗೆ, ಅಡಿಗೆ, ಭತ್ತ ಕುಟ್ಟುವುದು. ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತೀಡುತ್ತಿದ್ದ ಮಕ್ಕಳ ಹತ್ತಿರವೂ ಸುಳಿಯಲಾಗದಿದ್ದವರಿಗೆ ಇಲ್ಲಿ ಸ್ಲೇಟು ಸಿಕ್ಕಿತು, ಮಂಗಳೂರಿನ ಅಚ್ಚುಕೂಟದಿಂದ ಬಂದ ಕನ್ನಡ ಪಾಠಪುಸ್ತಕ ಸಿಕ್ಕಿತು. ಗಮನಿಸಬೇಕಾದ್ದು ಕ್ರಮ: ಊಟ ಮೊದಲು, ಬಟ್ಟೆ ಆಮೇಲೆ, ಅಕ್ಷರ ಅದರ ನಂತರ. ಕಡುಬಡವರ ಮನೆಯಲ್ಲಿ ಏಳು ವರ್ಷದ ಮಗುವೂ ದುಡಿಯುವ ಕೈ. ದನ ಕಾಯುವುದು, ತಮ್ಮನನ್ನು ಎತ್ತಿಕೊಳ್ಳುವುದು, ಸೌದೆ ಆರಿಸುವುದು. ಫೀ ಇಲ್ಲದ ಶಾಲೆಯೂ ಅಂಥ ಮನೆಗೆ ದುಬಾರಿ, ಏಕೆಂದರೆ ಶಾಲೆಗೆ ಹೋದ ಮಗುವಿನ ದುಡಿಮೆ ನಿಲ್ಲುತ್ತದೆ, ಹೊಟ್ಟೆ ಮಾತ್ರ ಹಾಗೆಯೇ ಇರುತ್ತದೆ. ಮಗುವಿನ ಹೊಟ್ಟೆಯ ಭಾರವನ್ನು ಶಾಲೆಯೇ ಹೊತ್ತರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಮಿಶನ್ ಬೋರ್ಡಿಂಗುಗಳು ಈ ಸತ್ಯವನ್ನು ಅನುಭವದಿಂದ ಕಂಡುಕೊಂಡವು. ಕರ್ನಾಟಕದ ಶಿಕ್ಷಣಕ್ಕೆ ಅವು ಕೊಟ್ಟ ಅತಿ ದೊಡ್ಡ ಪಾಠ ಅದು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿ ಹೇಳಬೇಕು. ಮಿಶನರಿಗಳ ಹೆಂಡತಿಯರು ತಮ್ಮ ಬಂಗಲೆಯ ಜಗಲಿಯಲ್ಲಿ ಕೆಲವೇ ಹುಡುಗಿಯರನ್ನು ಕೂಡಿಸಿಕೊಂಡು ಆರಂಭಿಸಿದ ಪಾಠಗಳು ಹಲವು ಕಡೆ ಬಾಲಿಕಾ ಶಾಲೆಗಳಾದವು. ವರದಿಗಳಲ್ಲಿ ಅವರ ಹೆಸರು ಗಂಡನ ಹೆಸರಿನ ನೆರಳಲ್ಲಿ ಮಾತ್ರ ಕಾಣುತ್ತದೆ. ಅಲ್ಲಿ ಓದಿದ ಅನಾಥ ಹುಡುಗಿಯರಲ್ಲಿ ಕೆಲವರು ಉಪಾಧ್ಯಾಯಿನಿಯರಾದರು. ಸಂಬಳ ಎಣಿಸಿಕೊಂಡು ಸ್ವಂತ ಕಾಲ ಮೇಲೆ ನಿಂತ ಕನ್ನಡದ ಹೆಣ್ಣುಮಕ್ಕಳ ಮೊದಲ ತಲೆಮಾರಿನಲ್ಲಿ ಅವರಿದ್ದಾರೆ. ಅವರ ಚರಿತ್ರೆಯನ್ನು ಬರೆಯುವ ಕೆಲಸ ಬಾಕಿ ಇದೆ.

ಮತಾಂತರದ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಮಾತಾಡುವುದು ಪ್ರಾಮಾಣಿಕತೆಯಲ್ಲ. ಬರದಲ್ಲಿ ಎತ್ತಿಕೊಂಡ ಮಗುವಿಗೆ ತನ್ನ ಧರ್ಮವನ್ನು ಆರಿಸುವ ವಯಸ್ಸೂ ಇರಲಿಲ್ಲ, ಅವಕಾಶವೂ ಇರಲಿಲ್ಲ. ಕೆಲವು ಮಿಶನ್ನುಗಳಲ್ಲಿ ಖರ್ಚು ಕೊಟ್ಟ ದೂರದೇಶದ ದಾನಿಯ ಹೆಸರನ್ನೇ ಮಗುವಿಗೆ ಇಡುವ ರೂಢಿ ಇತ್ತು. ತಾಯಿ ಕರೆದ ಹೆಸರು ಅಲ್ಲಿಗೆ ಅಳಿಸಿಹೋಯಿತು. ಇದು ನೋವಿನ ಸಂಗತಿ, ಬರಿಯ ಸದುದ್ದೇಶದ ಮಾತಿನಿಂದ ಮುಚ್ಚುವಂಥದ್ದಲ್ಲ. ಹಾಗೆಯೇ ಇನ್ನೊಂದು ಸಂಗತಿಯನ್ನೂ ಅಷ್ಟೇ ನೇರವಾಗಿ ಹೇಳಬೇಕು. ಆ ಮಗು ದಾರಿಯಲ್ಲಿ ಬಿದ್ದಿದ್ದಾಗ ಅದರ ಜಾತಿಯನ್ನೂ ಧರ್ಮವನ್ನೂ ಕೇಳದೆ ಎತ್ತಿಕೊಳ್ಳಲು ಬೇರೆ ಮಠ, ಛತ್ರ, ಅಗ್ರಹಾರಗಳಲ್ಲಿ ಎಷ್ಟು ಕೈಗಳು ಮುಂದೆ ಬಂದವು? ಅಸ್ಪೃಶ್ಯರ ಮಕ್ಕಳ ಮಟ್ಟಿಗೆ ಬಹಳ ಕಡಿಮೆ. ಮಿಶನ್ ಶಾಲೆಗಳೂ ಜಾತಿಯನ್ನು ಗೆದ್ದುಬಿಟ್ಟಿರಲಿಲ್ಲ. ಕೆಳಜಾತಿಯ ಹುಡುಗ ಬಂದರೆ ಮೇಲಿನವರು ಎದ್ದು ಹೋಗುವ ಪ್ರಸಂಗಗಳು ಅಲ್ಲಿಯೂ ಇದ್ದವು. ಬಡಮಕ್ಕಳಿಗೆ ಬೇರೆ ಶಾಲೆ ಎಂಬ ಏರ್ಪಾಡಿನಲ್ಲಿ ಆ ಒತ್ತಡಕ್ಕೆ ಮಣಿದದ್ದೂ ಸೇರಿದೆ.

ಈ ಇಕ್ಕಟ್ಟನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಮಂಗಳೂರಿನ ಕುದ್ಮುಲ್ ರಂಗರಾಯರು. 1859ರಲ್ಲಿ ಸಾರಸ್ವತ ಮನೆತನದಲ್ಲಿ ಹುಟ್ಟಿದ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಸವರ್ಣ ಉಪಾಧ್ಯಾಯರು ಸಿಗದೆ ಕ್ರೈಸ್ತ ಉಪಾಧ್ಯಾಯರ ನೆರವು ಪಡೆದರು. ಶಾಲೆಗೆ ಬರುವ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ದುಡಿಯುವ ಕೈಯನ್ನು ಶಾಲೆಗೆ ಕಳಿಸಿದ ಮನೆಗೆ ಅದು ಪರಿಹಾರ. ವಸತಿ, ಕೈಕಸುಬು, ಮನೆ ಕಟ್ಟಿಕೊಳ್ಳಲು ಜಾಗ ಎಲ್ಲವನ್ನೂ ಸೇರಿಸಿದರು. ಕಣ್ಣೆದುರಿಗಿದ್ದ ಮಿಶನ್ನಿನ ಮಾದರಿಯಿಂದ ಮತಾಂತರವನ್ನು ತೆಗೆದು, ಉಳಿದುದನ್ನೆಲ್ಲ ಅವರು ನಡೆಸಿ ತೋರಿಸಿದರು. ಬಂಧುಗಳ ಬಹಿಷ್ಕಾರವನ್ನೂ ಉಂಡರು. ಮಿಶನ್ ಬೋರ್ಡಿಂಗಿಗೆ ಕನ್ನಡ ನಾಡು ಕೊಟ್ಟ ಅತ್ಯಂತ ಘನವಾದ ಉತ್ತರ ರಂಗರಾಯರ ಆ ಶಾಲೆ.

ಸರ್ಕಾರಗಳು ನಿಧಾನವಾಗಿ ಹಿಂದೆ ಬಂದವು. ಮದ್ರಾಸು ಸರ್ಕಾರ 1893ರಲ್ಲಿ ಪಂಚಮರ, ಅಂದರೆ ಅಸ್ಪೃಶ್ಯರೆನಿಸಿದವರ, ಶಿಕ್ಷಣಕ್ಕೆಂದು ವಿಶೇಷ ಆಜ್ಞೆ ಹೊರಡಿಸಿತು, ದಕ್ಷಿಣ ಕನ್ನಡವೂ ಅದರಡಿ ಬಂತು. ಮೈಸೂರಿನಲ್ಲಿ 1915ರಲ್ಲಿ ಸರ್ಕಾರಿ ಶಾಲೆಗಳನ್ನು ಪಂಚಮ ಮಕ್ಕಳಿಗೂ ತೆರೆದಾಗ ದೊಡ್ಡ ಗದ್ದಲವೇ ಆಯಿತು. 1914ರ ಯುದ್ಧ ಬಾಸೆಲ್ ಮಿಶನ್ನಿನ ಬೆನ್ನು ಮುರಿಯಿತು. ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಬೋರ್ಡಿಂಗಿನಿಂದ ಮಗ್ಗಕ್ಕೆ ಇದ್ದ ನೇರ ದಾರಿ ಅಲ್ಲಿ ಕಡಿಯಿತು. ಸ್ವಾತಂತ್ರ್ಯದ ನಂತರ, 1950ರ ರಾಷ್ಟ್ರಪತಿ ಆದೇಶದಂತೆ, ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದರು. 1956ರಲ್ಲಿ ಸಿಖ್ ದಲಿತರಿಗೂ 1990ರಲ್ಲಿ ಬೌದ್ಧರಿಗೂ ಅದು ತೆರೆಯಿತು, ಇವರಿಗೆ ಇಲ್ಲ. ಬೋರ್ಡಿಂಗಿನಲ್ಲಿ ಮೊದಲು ಅಕ್ಷರ ಕಲಿತವರ ಮೊಮ್ಮಕ್ಕಳು ಊರಿನ ಕಣ್ಣಿಗೆ ಹಳೆಯ ಜಾತಿಯವರೇ, ಆ ಪಟ್ಟಿಯ ವಿದ್ಯಾರ್ಥಿವೇತನಕ್ಕೆ ಮಾತ್ರ ಹೊರಗಿನವರು. ಈ ಅನ್ಯಾಯ ಸರಿಹೋಗಬೇಕು.

ಈಗ ಗಂಜಿಯ ಕೆಲಸವನ್ನು ಸರ್ಕಾರ ವಹಿಸಿಕೊಂಡಿದೆ. ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಹಿಂದುಳಿದ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಬಡವರ ಮಕ್ಕಳು ಯಾವ ಧರ್ಮಕ್ಕೂ ಸೇರಬೇಕಾಗಿಲ್ಲದೆ ಉಂಡು ಓದುತ್ತಿದ್ದಾರೆ. ಇದಕ್ಕಿಂತ ಸಂತೋಷದ ಸಂಗತಿ ಇನ್ನೊಂದಿಲ್ಲ.

ಹಾಗಿದ್ದರೆ ಮಿಶನ್ ಶಾಲೆಗಳು ಎಲ್ಲಿವೆ? ಉಡುಪಿ, ಮೂಲ್ಕಿ, ಕೋಲಾರದಂಥ ಕಡೆಗಳಲ್ಲಿ ಹಳೆಯ ಸೇವೆಯ ಎಳೆ ಪೂರ್ತಿ ಕಡಿದಿಲ್ಲ. ನಗರಗಳಲ್ಲಿ ಮಾತ್ರ ‘ಕಾನ್ವೆಂಟ್’ ಎಂದರೆ ಸೀಟಿಗಾಗಿ ಉಳ್ಳವರು ಸಾಲು ನಿಲ್ಲುವ ಜಾಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಶೇ. 25ರಷ್ಟು ಸೀಟು ಇಡಬೇಕೆಂದಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2021ರ ವರದಿಯ ಪ್ರಕಾರ, ದೇಶದ ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಶೇ. 11.54ರಷ್ಟಿರುವ ಕ್ರೈಸ್ತರು ಅಂಥ ಶಾಲೆಗಳಲ್ಲಿ ಶೇ. 71.96ರಷ್ಟನ್ನು ನಡೆಸುತ್ತಾರೆ. ಅವರ ಶಾಲೆಗಳಲ್ಲಿ ಓದುವವರಲ್ಲಿ ಸುಮಾರು ಶೇ. 74 ಮಕ್ಕಳು ಕ್ರೈಸ್ತೇತರರು. ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಸೇರಿಸಿದರೆ, ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳು ಕೇವಲ ಶೇ. 8.76.

ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ನಡೆಸಲು ಸಂವಿಧಾನದ 30ನೇ ವಿಧಿ ಕೊಟ್ಟ ಹಕ್ಕು ಅಮೂಲ್ಯ, ಅದನ್ನು ಯಾರೂ ಮುಟ್ಟಬಾರದು. ಆದರೆ ಬಡವರ ಮಗುವನ್ನು ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಿಲ್ಲ ಎಂಬ ವಿನಾಯಿತಿ ಮಿಶನ್ ಶಾಲೆಗೆ ಅದರ ಚರಿತ್ರೆಯ ಕಡೆಯಿಂದ ನೋಡಿದರೆ ಹೊಂದುವುದಿಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ, ದೊಡ್ಡ ಪೀಠ ಮರುಪರಿಶೀಲಿಸುವ ಸಲುವಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ದೊಡ್ಡ ಪೀಠದ ತೀರ್ಪಿಗೆ ಕಾಯಬೇಕಾದ ಅಗತ್ಯ ಶಾಲೆಗಳಿಗಿಲ್ಲ. ತರಗತಿಯ ನಾಲ್ಕನೆಯ ಒಂದು ಭಾಗವನ್ನು ತಾವಾಗಿಯೇ ಬಡಮಕ್ಕಳಿಗೆ ಬಿಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಕೊಳೆಗೇರಿಯ ಮಕ್ಕಳಿಗೆ, ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ತಗಡಿನ ಶೆಡ್ಡಿನಲ್ಲಿ ಬೆಳೆಯುವ ಮಕ್ಕಳಿಗೆ, ಅಪ್ಪ ಅಮ್ಮ ಊರೂರು ಅಲೆಯುವಾಗ ಓದು ತಪ್ಪದಂತೆ ಒಂದು ವಸತಿ ಬೇಕಾಗಿದೆ. ಖಾಲಿ ಬಿದ್ದ ಹಳೆಯ ಬೋರ್ಡಿಂಗ್ ಕಟ್ಟಡ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಬಾಗಿಲು ತೆರೆಯಬಹುದು, ಅಡಿಗೆ ಒಲೆ ಹೊತ್ತಿಸಬಹುದು, ಯಾವ ಮಗುವಿನ ಹೆಸರನ್ನೂ ಬದಲಿಸದೆ. ಬರುವ ಜೂನ್ ತಿಂಗಳ ದಾಖಲಾತಿಗೇ ಇದನ್ನು ಆರಂಭಿಸಬಹುದು.